ಟಪಾಲು ಬರುವುದು ನಿಂತ ಮೇಲೆ

ಪ್ರಶ್ನೆ: ನನಗೆ 61 ವರ್ಷ, ತುಮಕೂರಿನಲ್ಲಿ ವಾಸ. ಸರ್ಕಾರಿ ಕಚೇರಿಯಲ್ಲಿ 33 ವರ್ಷ ಕೆಲಸ ಮಾಡಿ, ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾಗಿ ಹದಿನಾಲ್ಕು ತಿಂಗಳಾಯಿತು. ಪೆನ್ಷನ್ ಬರುತ್ತದೆ, ಸ್ವಂತ ಮನೆ ಇದೆ. ಮಗ ಬೆಂಗಳೂರಿನಲ್ಲಿದ್ದಾನೆ, ಮಗಳ ಮದುವೆ ಆಗಿದೆ. ಬಿಪಿ ಮಾತ್ರೆ ಬಿಟ್ಟರೆ ಬೇರೆ ಕಾಯಿಲೆ ಇಲ್ಲ. ಆದರೆ ದಿನ ಹೇಗೆ ಹೋಗುತ್ತದೋ ಗೊತ್ತಾಗುವುದಿಲ್ಲ. ಬೆಳಿಗ್ಗೆ ಪೇಪರ್, ಆಮೇಲೆ ಟಿವಿ ನ್ಯೂಸ್, ಊಟ, ನಿದ್ದೆ, ಮೊಬೈಲು, ಸಂಜೆ ಹೆಂಡತಿ ನೋಡುವ ಸೀರಿಯಲ್. ರಾತ್ರಿ ಮಲಗುವಾಗ ಇವತ್ತು ಏನು ಮಾಡಿದೆ ಅಂತ ಕೇಳಿಕೊಂಡರೆ ಉತ್ತರವೇ ಇಲ್ಲ. ಅಮಾನಿಕೆರೆ ಮನೆಗೆ ಹತ್ತೇ ನಿಮಿಷ. ವಾಕಿಂಗ್‌ಗೆಂದು ತಂದ ಶೂ ಎಂಟು ತಿಂಗಳಿಂದ ಡಬ್ಬಿಯಲ್ಲೇ ಇದೆ. ತುರುವೇಕೆರೆ ಹತ್ತಿರ ಎರಡು ಎಕರೆ ತೆಂಗಿನ ತೋಟ ಇದೆ, ತಮ್ಮ ನೋಡಿಕೊಳ್ಳುತ್ತಾನೆ, ಅಲ್ಲಿಗೂ ಹೋಗುವುದಿಲ್ಲ. ಹೆಂಡತಿ ಸೋಮಾರಿ ಎನ್ನುತ್ತಾಳೆ. ಮಗ ‘ದುಡಿದಿದ್ದು ಸಾಕು, ರೆಸ್ಟ್ ತಗೊಳ್ಳಿ ಅಪ್ಪಾ’ ಎನ್ನುತ್ತಾನೆ. ಭಾವ ಜಾತಕ ತೋರಿಸಿ ಸಾಡೇಸಾತಿ ಎಂದರು. ಒಬ್ಬ ಗೆಳೆಯ ಡಿಪ್ರೆಶನ್ ಎಂದ. ಕಚೇರಿಯಲ್ಲಿ ಅಷ್ಟು ಚುರುಕಾಗಿದ್ದವನು ಹೀಗೇಕಾದೆ? ಈ ವಯಸ್ಸಿನಲ್ಲಿ ಇದು ಸರಿಹೋಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಡಬ್ಬಿಯಲ್ಲಿರುವ ಆ ಶೂ. ಏನಾದರೂ ಮಾಡಬೇಕು ಅಂತ ಅಂಗಡಿಗೆ ಹೋಗಿ, ಸೈಜ್ ನೋಡಿ, ದುಡ್ಡು ಕೊಟ್ಟು ತಂದಿದ್ದೀರಿ. ಆಸೆ ಇಲ್ಲದವರು ಅಷ್ಟು ಮಾಡುವುದಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಆಸೆ ಇದೆ, ಆರೋಗ್ಯ ಇದೆ, ಬೇಕಾದಷ್ಟು ಸಮಯವೂ ಇದೆ, ಆದರೂ ಎದ್ದು ಹೊರಡಲು ಆಗುತ್ತಿಲ್ಲ, ಯಾಕೆ?

ಮೈಸೂರಿನಲ್ಲಿ ಮನಶ್ಶಾಸ್ತ್ರಜ್ಞೆಯಾಗಿ 22 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಿವೃತ್ತಿಯಾಗಿ ಒಂದೆರಡು ವರ್ಷಕ್ಕೆ ಇದೇ ಪ್ರಶ್ನೆ ಹಿಡಿದುಕೊಂಡು ಬರುವವರು ಬಹಳ ಜನ. ಗಂಡಸರೇ ಜಾಸ್ತಿ. ಹೆಂಗಸರಿಗೆ ಸೆಂಡಾಫ್ ಆದ ಮರುದಿನ ಬೆಳಿಗ್ಗೆಯೂ ಅಡುಗೆಮನೆ ಕಾದಿರುತ್ತದೆ. ಅವರ ಕಷ್ಟ ಬೇರೆ ಥರದ್ದು.

ನಿಮ್ಮ ಕಚೇರಿಯ ಒಂದು ದಿನವನ್ನು ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಹೋಗಿ ಕೂತರೆ ಟಪಾಲು ಬರುತ್ತಿತ್ತು. ಇನ್‌ವರ್ಡ್ ಆಗಿ, ನಂಬರ್ ಬಿದ್ದು, ನಿಮ್ಮ ಟೇಬಲ್ ಸೇರುತ್ತಿತ್ತು. ಯಾವುದು ತುರ್ತು ಅಂತ ಮೇಲಿನವರು ಅಂಚಿನಲ್ಲಿ ಬರೆದಿರುತ್ತಿದ್ದರು. ಯಾವಾಗ ಊಟ, ಯಾವಾಗ ಮನೆ, ಯಾರ ಜೊತೆ ಮಾತು, ಎಲ್ಲವನ್ನೂ ಕಚೇರಿಯೇ ತೀರ್ಮಾನಿಸಿತ್ತು. ಬಂದದ್ದನ್ನು ನೀವು ಚುರುಕಾಗಿ ವಿಲೇವಾರಿ ಮಾಡುತ್ತಿದ್ದಿರಿ. ಅದು ಸಣ್ಣ ಕೆಲಸ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಜನರ ಪೆನ್ಷನ್ನು, ಪಹಣಿ, ಸರ್ಟಿಫಿಕೇಟು ನಿಮ್ಮಂಥವರ ಕೈ ಚುರುಕಾಗಿದ್ದರಿಂದಲೇ ಹೊರಗೆ ಬಂದಿದೆ. ಆದರೆ ಬಂದದ್ದನ್ನು ವಿಲೇವಾರಿ ಮಾಡುವುದು ಒಂದು ಅಭ್ಯಾಸ. ಏನೂ ಬಾರದ ಟೇಬಲ್ ಮುಂದೆ ಕೂತು ‘ಇವತ್ತು ನಾನು ಏನು ಮಾಡಲಿ’ ಅಂತ ತೀರ್ಮಾನಿಸುವುದು ಇನ್ನೊಂದು ಅಭ್ಯಾಸ. ಮೊದಲನೆಯದರಲ್ಲಿ 33 ವರ್ಷ ಪಳಗಿದ್ದೀರಿ. ಎರಡನೆಯದಕ್ಕೆ ಸಂದರ್ಭವೇ ಬಂದಿರಲಿಲ್ಲ.

ಟಪಾಲು ಒಂದೇ ದಿನಕ್ಕೆ ನಿಂತುಹೋಯಿತು. ಆದರೆ ಅಭ್ಯಾಸ ನಿಲ್ಲಲಿಲ್ಲ, ಬೇರೆ ಟಪಾಲು ಹುಡುಕಿಕೊಂಡಿತು. ಪೇಪರ್, ನ್ಯೂಸ್ ಚಾನೆಲ್ಲು, ವಾಟ್ಸಾಪ್ ಫಾರ್ವರ್ಡು. ಒಂದು ವಿಡಿಯೋ ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿ ಶುರುವಾಗುತ್ತದೆ. ಮೊದಲು ಟಪಾಲು ನೋಡಿದರೆ ಯಾರದೋ ಕೆಲಸ ಆಗುತ್ತಿತ್ತು. ಈ ಟಪಾಲಿನಲ್ಲಿ ಅದೂ ಇಲ್ಲ. ರಾತ್ರಿ ನಿಮಗೆ ಉತ್ತರ ಸಿಗದಿರುವುದು ಇದಕ್ಕೇ.

ನೀವು ಇದ್ದಕ್ಕಿದ್ದಂತೆ ಜಡವಾದಿರಿ ಅಂತ ನನಗೆ ಅನ್ನಿಸುತ್ತಿಲ್ಲ. ದಿನವನ್ನು ನೀವೇ ಆರಿಸಿಕೊಳ್ಳುವ ಅಭ್ಯಾಸ ಮೊದಲಿನಿಂದಲೂ ಕಡಿಮೆ ಇತ್ತು. ಕಚೇರಿ ಅದನ್ನು ಮುಚ್ಚಿತ್ತು. ಸುಮ್ಮನೆ ಕೂರುವುದೇ ತಪ್ಪು ಅಂತಲೂ ಇಲ್ಲ. ಜಗುಲಿಯ ಮೇಲೆ ಕಾಫಿ ಹಿಡಿದು ಅರ್ಧ ಗಂಟೆ ಬೀದಿ ನೋಡುತ್ತಾ ಕೂರುವುದನ್ನು ನೀವೇ ಆರಿಸಿಕೊಂಡಿದ್ದರೆ ಅದು ಚೆನ್ನಾಗಿ ಬದುಕಿದ ಅರ್ಧ ಗಂಟೆ. ಅದೇ ನ್ಯೂಸ್ ಚಾನೆಲ್ ಮುಂದೆ ‘ಏಳೋಣ, ಏಳೋಣ’ ಅಂದುಕೊಳ್ಳುತ್ತಾ ಎರಡು ಗಂಟೆ ಕಳೆದರೆ ರೆಸ್ಟೂ ಆಗಲಿಲ್ಲ, ಕೆಲಸವೂ ಆಗಲಿಲ್ಲ.

ಇನ್ನು ನಿಮ್ಮ ಸುತ್ತಮುತ್ತ ಕೇಳಿಬರುವ ಮಾತುಗಳು. ಸೋಮಾರಿತನ ಅನ್ನುವ ಹಣೆಪಟ್ಟಿಯಿಂದ ಯಾರೂ ಎದ್ದು ಓಡಾಡಿದ್ದನ್ನು ನಾನು ನೋಡಿಲ್ಲ. ಅದು ನಾಚಿಕೆ ಹೆಚ್ಚಿಸುತ್ತದೆ, ನಾಚಿಕೆ ಆದವರು ಇನ್ನಷ್ಟು ಮೂಲೆ ಸೇರುತ್ತಾರೆ. ಸಾಡೇಸಾತಿಯ ವಿಚಾರದಲ್ಲಿ ನಿಮ್ಮ ನಂಬಿಕೆಗೆ ನಾನು ಕೈ ಹಾಕುವುದಿಲ್ಲ. ಶನಿವಾರ ದೇವಸ್ಥಾನಕ್ಕೆ ಎಳ್ಳೆಣ್ಣೆ ದೀಪ ಹಚ್ಚಲು ಹೋಗುವುದಾದರೆ ದಯವಿಟ್ಟು ಹೋಗಿ, ನಡೆದುಕೊಂಡೇ ಹೋಗಿ. ಕಾಲ ಸರಿಹೋಗಲಿ, ಆಮೇಲೆ ಏಳೋಣ ಅಂತ ವರ್ಷಗಟ್ಟಲೆ ಕಾಯಬೇಡಿ, ಅಷ್ಟೇ.

ಮಗನ ಮಾತಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಅದು ಪ್ರೀತಿಯಿಂದ ಬಂದ ಮಾತು. ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧಾಶ್ರಮದಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಮಾಡಿದ ಪ್ರಯೋಗ 1976ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಹಿರಿಯರಿಗೆ ‘ನಿಮ್ಮ ದಿನ ನಿಮ್ಮ ಕೈಯಲ್ಲಿದೆ, ಬೇಕಾದರೆ ಒಂದು ಗಿಡ ತಗೊಳ್ಳಿ, ನೀವೇ ನೋಡಿಕೊಳ್ಳಿ’ ಎಂದರು. ಇನ್ನೊಂದು ಗುಂಪಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದು ನರ್ಸ್ ಕೆಲಸ ಎಂದರು. ಮೂರು ವಾರದ ನಂತರ ನೋಡಿದರೆ ಮೊದಲ ಗುಂಪಿನವರು ಹೆಚ್ಚು ಚಟುವಟಿಕೆಯಿಂದ, ಹೆಚ್ಚು ಖುಷಿಯಾಗಿದ್ದರು. ಇದು ಸಣ್ಣ ಅಧ್ಯಯನ, ಇದೊಂದನ್ನೇ ನಂಬಿಕೊಂಡು ದೊಡ್ಡ ಮಾತು ಹೇಳಬಾರದು. ಆದರೆ ನಮ್ಮ ಮನೆಗಳಲ್ಲಿ ದಿನಾ ನೋಡುವುದು ಇದನ್ನೇ ಅಲ್ವಾ? ಕರೆಂಟ್ ಬಿಲ್ಲನ್ನು ಮಗ ಫೋನಿನಲ್ಲೇ ಕಟ್ಟುತ್ತಾನೆ. ತರಕಾರಿ ಮನೆ ಬಾಗಿಲಿಗೆ ಬರುತ್ತದೆ. ಗ್ಯಾಸ್ ಬುಕಿಂಗ್ ಸೊಸೆ ಮಾಡುತ್ತಾಳೆ. ಅಪ್ಪನಿಗೆ ತೊಂದರೆ ಆಗಬಾರದು ಅಂತ ಅಪ್ಪ ಮಾಡುತ್ತಿದ್ದದ್ದನ್ನೆಲ್ಲ ಒಂದೊಂದಾಗಿ ತೆಗೆದುಕೊಳ್ಳುತ್ತಾರೆ. ಕೊನೆಗೆ ಅಪ್ಪನಿಗೆ ಉಳಿಯುವುದು ರಿಮೋಟ್. ಮಗನಿಗೆ ಈ ಸಲ ಫೋನ್ ಮಾಡಿದಾಗ ಎರಡು ಕೆಲಸವನ್ನಾದರೂ ವಾಪಸ್ ಕೇಳಿ.

ಮನಸ್ಸು ಬಂದ ಮೇಲೆ ಕೆಲಸ ಶುರು ಮಾಡೋಣ ಅನ್ನುವುದು ಎಲ್ಲರಿಗೂ ಇರುವ ನಂಬಿಕೆ. ಇದರಿಂದ ಆಗುವಷ್ಟು ತೊಂದರೆ ಸಾಡೇಸಾತಿಯಿಂದಲೂ ಆಗುವುದಿಲ್ಲ. ಮಾಡಿದ ಮೇಲೆ ಮನಸ್ಸು ಬರುತ್ತದೆ. ಕ್ರಮ ಉಲ್ಟಾ. ಇದು ನನ್ನ ಸ್ವಂತ ಅಭಿಪ್ರಾಯವಾಗಿದ್ದರೆ ಇಷ್ಟು ಜೋರಾಗಿ ಹೇಳುತ್ತಿರಲಿಲ್ಲ. 1970ರ ದಶಕದಲ್ಲಿ ಪೀಟರ್ ಲೆವಿನ್‌ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಖಿನ್ನತೆಯನ್ನು ಈ ಕಡೆಯಿಂದ ನೋಡಲು ಶುರು ಮಾಡಿದರು. ಮನುಷ್ಯ ಖುಷಿ ಕೊಡುವ ಕೆಲಸಗಳಿಂದ ದೂರ ಸರಿದಷ್ಟೂ ಖುಷಿ ಸಿಗುವ ದಾರಿ ಕಡಿಮೆಯಾಗುತ್ತದೆ, ದಾರಿ ಕಡಿಮೆಯಾದಷ್ಟೂ ಇನ್ನಷ್ಟು ಸರಿಯುತ್ತಾನೆ. ಈ ಸುತ್ತನ್ನು ಕೆಲಸದ ಕಡೆಯಿಂದಲೇ ಮುರಿಯಬೇಕು.

ಇದಕ್ಕೆ ನಮ್ಮ ಪಕ್ಕದ ಗೋವಾದಿಂದಲೇ ಒಳ್ಳೆಯ ಸಾಕ್ಷಿ ಸಿಕ್ಕಿದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುತ್ತಿದ್ದ, ಖಿನ್ನತೆ ತೀವ್ರವಾಗಿದ್ದ ಸುಮಾರು 500 ಜನರ ಮೇಲೆ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಅಧ್ಯಯನ ಮಾಡಿ, 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅರ್ಧ ಜನಕ್ಕೆ ಆರೋಗ್ಯ ಕೇಂದ್ರದ ಎಂದಿನ ಆರೈಕೆಯನ್ನೇ ಒಂದಿಷ್ಟು ಉತ್ತಮಪಡಿಸಿ ಕೊಟ್ಟರು. ಉಳಿದ ಅರ್ಧಕ್ಕೆ ಅದರ ಜೊತೆಗೆ ಆರರಿಂದ ಎಂಟು ಭೇಟಿ. ಈ ಭೇಟಿಯಲ್ಲಿ ಎದುರು ಕೂತವರು ನನ್ನಂಥ ತಜ್ಞರಲ್ಲ, ತರಬೇತಿ ಪಡೆದ ಸ್ಥಳೀಯರು. ಮುಖ್ಯವಾಗಿ ಅವರು ಮಾಡಿಸಿದ್ದು ಇಷ್ಟೇ: ದಿನದಲ್ಲಿ ಏನೇನು ನಡೆಯುತ್ತದೆ ಅಂತ ಗಮನಿಸುವುದು, ಬಿಟ್ಟುಹೋದ ಕೆಲಸಗಳನ್ನು ಸಣ್ಣದಾಗಿ ಮತ್ತೆ ಶುರು ಮಾಡುವುದು. ಮೂರು ತಿಂಗಳಿಗೆ ಈ ಗುಂಪಿನಲ್ಲಿ ಶೇ 64ರಷ್ಟು ಜನ ಖಿನ್ನತೆಯಿಂದ ಹೊರಗೆ ಬಂದಿದ್ದರು. ಇನ್ನೊಂದು ಗುಂಪಿನಲ್ಲಿ ಶೇ 39. ನಿಮಗೆ ಖಿನ್ನತೆ ಇದೆಯೋ ಇಲ್ಲವೋ, ಆ ಮಾತಿಗೆ ಆಮೇಲೆ ಬರುತ್ತೇನೆ. ಅಂಥ ಸ್ಥಿತಿಯಲ್ಲಿದ್ದವರಿಗೇ ಇದು ಕೆಲಸ ಮಾಡುತ್ತದೆ ಅಂದರೆ ನಿಮಗೆ ಯಾಕೆ ಮಾಡಬಾರದು?

ಏನು ಮಾಡಬೇಕು ಅಂತ ಹೇಳುವ ಮೊದಲು, ನನ್ನ ಬಳಿ ಬಂದಿದ್ದ ಒಬ್ಬರ ವಿಚಾರ, ಗುರುತು ಬದಲಿಸಿ. ಹೈಸ್ಕೂಲ್ ಮೇಷ್ಟ್ರು, ನಿವೃತ್ತಿಯಾಗಿ ಎರಡು ವರ್ಷ. ಮೊದಲ ದಿನ ಅವರಿಗೆ ನಾನು ಯಾವ ಸಲಹೆಯನ್ನೂ ಕೊಡಲಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ, ಒಂದು ವಾರ ಗಂಟೆಗೊಮ್ಮೆ ಏನು ಮಾಡುತ್ತಿದ್ದೀರೋ ಬರೆಯಿರಿ, ಪಕ್ಕದಲ್ಲಿ ಮನಸ್ಸು ಹೇಗಿದೆ ಅಂತ ಹತ್ತಕ್ಕೆ ಎಷ್ಟು ಅಂತ ಅಂಕ ಹಾಕಿ ಎಂದೆ. ಅಂಕ ಹಾಕುವುದು ಮೇಷ್ಟ್ರಿಗೆ ಹೇಳಿಕೊಡಬೇಕೇ! ಕೆಂಪು ಇಂಕಿನಲ್ಲಿ ಹಾಕಿಕೊಂಡು ಬಂದಿದ್ದರು. ಪುಟದ ತುಂಬ ‘ಟಿವಿ’, ಕೆಳಗೆ ‘ಟಿವಿ’, ಅದರ ಕೆಳಗೆ ಮೇಲಿನದೇ ಅಂತ ಎರಡು ಗೀಟು. ಅಂಕ ಮೂರು, ಮೂರು, ಎರಡು. ಬುಧವಾರ ಹನ್ನೊಂದು ಗಂಟೆಗೆ ಮಾತ್ರ ಏಳು ಇತ್ತು. ಅಲ್ಲಿ ‘ಮಿಕ್ಸಿ ವೈರ್’ ಅಂತ ಬರೆದಿದ್ದರು. ಹೆಂಡತಿಯ ಮಿಕ್ಸಿ ನಿಂತುಹೋಗಿತ್ತಂತೆ. ಇವರು ಪ್ಲಗ್ ಬಿಚ್ಚಿ, ಸುಟ್ಟ ತುದಿ ಕತ್ತರಿಸಿ, ವೈರ್ ಮತ್ತೆ ಸಿಕ್ಕಿಸಿದ್ದರು. ಇಪ್ಪತ್ತು ನಿಮಿಷದ ಕೆಲಸ. ಆ ವಾರದಲ್ಲಿ ಅದಕ್ಕಿಂತ ಹೆಚ್ಚು ಅಂಕ ಬಂದ ಗಂಟೆ ಇರಲಿಲ್ಲ. ಅವರು ಆ ಏಳನ್ನೇ ನೋಡುತ್ತಾ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ‘ಮನೇಲಿ ಇನ್ನೂ ಮೂರು ಸ್ವಿಚ್ ಕೆಟ್ಟಿವೆ ಮೇಡಂ’ ಎಂದರು.

ನಿಮಗೂ ಅಲ್ಲಿಂದಲೇ ಶುರು ಮಾಡಲು ಹೇಳುತ್ತೇನೆ. ಒಂದು ವಾರ ಬರೀ ಬರೆಯಿರಿ, ಏನನ್ನೂ ಬದಲಿಸಬೇಡಿ. ನೀವು ಕಡತ ನೋಡಿ ಪಳಗಿದವರು, ನಿಮ್ಮ ದಿನವನ್ನೇ ಒಂದು ಕಡತದಂತೆ ನೋಡಿ. ಎಲ್ಲಿ ಅಂಕ ಏರಿದೆ, ಎಲ್ಲಿ ಇಳಿದಿದೆ ಅಂತ ನಿಮಗೇ ಕಾಣುತ್ತದೆ.

ಎರಡನೇ ವಾರ, ಏರಿದ ಕಡೆಯಿಂದ ಒಂದೇ ಒಂದು ಕೆಲಸ ಆರಿಸಿ ಅದಕ್ಕೆ ಜಾಗ ಮತ್ತು ಹೊತ್ತು ಗೊತ್ತು ಮಾಡಿ. ‘ನಾಳೆಯಿಂದ ವಾಕಿಂಗ್’ ಅನ್ನುವುದು ನಿರ್ಧಾರದ ಲೆಕ್ಕಕ್ಕೆ ಬರುವುದಿಲ್ಲ. ‘ಬೆಳಗಿನ ಕಾಫಿ ಲೋಟ ತೊಳೆದಿಟ್ಟ ತಕ್ಷಣ ಶೂ ಹಾಕಿ ಗೇಟ್ ದಾಟುತ್ತೇನೆ’ ಅನ್ನುವುದು ನಿರ್ಧಾರ. ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞ ಇಂಥ ‘ಇದಾದ ಮೇಲೆ ಇದು’ ನಿರ್ಧಾರಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಬರೀ ಮನಸ್ಸು ಮಾಡುವುದಕ್ಕಿಂತ ಹೀಗೆ ಕಟ್ಟಿಹಾಕಿದ್ದು ಹೆಚ್ಚು ಸಲ ನಡೆಯುತ್ತದೆ. ನಡಿಗೆಯ ಮೊದಲ ವಾರ ಗೇಟಿನಿಂದ ರಸ್ತೆಯ ತುದಿಯವರೆಗೆ ಹೋಗಿ ಬಂದರೂ ಸಾಕು. ಕೆರೆ ಎಲ್ಲಿಗೂ ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಇರಲಿ ಎನ್ನುತ್ತದೆ. ಅದನ್ನು ನಿಧಾನಕ್ಕೆ ಮುಟ್ಟಿದರಾಯಿತು. ನಡೆಯುವಾಗ ಎದೆ ಬಿಗಿದರೆ, ತಲೆ ತಿರುಗಿದರೆ ಅಲ್ಲೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಲೆಕ್ಕ 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ ಬರೆದದ್ದರಿಂದ ಹುಟ್ಟಿಕೊಂಡಿತು. ಆಪರೇಷನ್ ಆದವರು ತಮ್ಮ ಹೊಸ ಮುಖಕ್ಕೆ ಒಗ್ಗಲು ಕನಿಷ್ಠ 21 ದಿನ ಬೇಕು ಅಂತ ಅವರು ಗಮನಿಸಿದ್ದರು. ‘ಕನಿಷ್ಠ’ ಅನ್ನುವುದು ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಯಿತು. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ನೋಡಿದಾಗ ಸುಮಾರು 66 ದಿನ ಬೇಕು ಅಂತ ಕಂಡಿತು. ಕೆಲವರಿಗೆ 18 ದಿನ ಸಾಕಿತ್ತು, ಕೆಲವರಿಗೆ 254 ದಿನ ಬೇಕಾದೀತು ಅನ್ನುವ ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದರೆ ಏನೂ ಹಾಳಾಗಲಿಲ್ಲ. ಮಳೆ ಬಂತು, ನೆಂಟರು ಬಂದರು, ಮಂಗಳವಾರ ತಪ್ಪಿತು ಅಂದುಕೊಳ್ಳಿ. ಬುಧವಾರ ಹೋಗಿ. ಅಷ್ಟೇ.

ನಡಿಗೆ ಒಳ್ಳೆಯ ಶುರು. ಆದರೆ ಅದೊಂದೇ ನಿಮ್ಮ ಕೊರಗನ್ನು ನೀಗಿಸುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ನೀವು ಹೋಗದಿದ್ದರೆ ‘ಯಾಕೆ ಬರಲಿಲ್ಲ’ ಅಂತ ಕೇಳುವವರು ಇರುವಂಥ ಒಂದು ಕೆಲಸ ಬೇಕು. ನಿಮ್ಮ ಕೈಯಲ್ಲಿ ಬಹಳ ಜನಕ್ಕೆ ಇಲ್ಲದ ವಿದ್ಯೆ ಇದೆ. ಅರ್ಜಿ ಹೇಗೆ ಬರೆಯಬೇಕು, ಜೊತೆಗೆ ಏನು ಲಗತ್ತಿಸಬೇಕು, ಯಾವ ಟೇಬಲ್‌ನಲ್ಲಿ ಕಡತ ನಿಲ್ಲುತ್ತದೆ ಅಂತ ಗೊತ್ತು. ನಿಮ್ಮ ಬೀದಿಯಲ್ಲೇ ಗಂಡನನ್ನು ಕಳೆದುಕೊಂಡು ಕುಟುಂಬ ಪಿಂಚಣಿಗೆ ಓಡಾಡುತ್ತಿರುವವರು ಇರಬಹುದು. ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡಲು ಪರದಾಡುವ ಎಂಬತ್ತು ದಾಟಿದವರು ಇರಬಹುದು. ವಾರದಲ್ಲಿ ಎರಡು ದಿನ, ಬೆಳಿಗ್ಗೆ ಎರಡು ಗಂಟೆ, ನಿಮ್ಮ ಮನೆ ಜಗುಲಿಯಲ್ಲೇ ಕೂತು ಅವರಿಗೆ ಬರೆದುಕೊಡಬಹುದು. ನನ್ನನ್ನು ಕೇಳಿದರೆ ನಿಮಗೆ ಇದೇ ಹೆಚ್ಚು ಹೊಂದುತ್ತದೆ. ಇದರಲ್ಲೂ ಅಪಾಯ ಇದೆ. ಎರಡು ದಿನ ಇದ್ದದ್ದು ಏಳು ದಿನ ಆಗುತ್ತದೆ, ಹಳೇ ಟಪಾಲು ಬೇರೆ ದಾರಿಯಲ್ಲಿ ಮನೆಗೇ ಬಂದುಬಿಡುತ್ತದೆ. ಬಾಗಿಲಿಗೆ ಹೊತ್ತು ಬರೆದು ಅಂಟಿಸಿ, ಉಳಿದ ಹೊತ್ತು ‘ಇವತ್ತು ಆಗಲ್ಲ’ ಅನ್ನಿ. ದುಡ್ಡು ಮುಟ್ಟಬೇಡಿ, ಯಾರಿಗೂ ಜಾಮೀನು ಸಹಿ ಹಾಕಬೇಡಿ, ನಿಮ್ಮ ಹಳೇ ಕಚೇರಿಗೆ ಹೋಗಿ ಶಿಫಾರಸು ಮಾಡುವ ಉಸಾಬರಿ ಬೇಡ.

ತೋಟ ಇನ್ನೊಂದು ದಾರಿ. ಗಿಡಮರದ ಜೊತೆ ಕೆಲಸ ಮಾಡಿದರೆ ಕಣ್ಣಿಗೆ ಕಾಣುವ ಫಲ ಸಿಗುತ್ತದೆ. ಆದರೆ ಇಷ್ಟು ವರ್ಷ ನೋಡಿಕೊಂಡ ತಮ್ಮನಿಗೆ ‘ಅಣ್ಣ ಈಗ ಲೆಕ್ಕ ಕೇಳೋಕೆ ಬಂದ’ ಅನ್ನಿಸಬಾರದು. ಮೊದಲು ಹದಿನೈದು ದಿನಕ್ಕೊಮ್ಮೆ ಹೋಗಿ, ಅವನು ಹೇಳಿದ ಕೆಲಸ ಮಾಡಿ, ಅವನ ಮನೆಯಲ್ಲಿ ಊಟ ಮಾಡಿ ಬನ್ನಿ. ಗೊಬ್ಬರ, ಹನಿ ನೀರಾವರಿ ಅಂತ ನಿಮ್ಮ ಯೋಜನೆ ಏನಿದ್ದರೂ ಒಂದು ವರ್ಷ ಕಾಯಲಿ.

ನಿವೃತ್ತಿಯ ಹಣ ಹಾಕಿ ವ್ಯವಹಾರ ಶುರು ಮಾಡುವ ಯೋಚನೆ ಇದ್ದರೆ ಅದನ್ನು ಸದ್ಯಕ್ಕೆ ಬದಿಗಿಡಿ. ಖಾಲಿತನದಿಂದ ತಪ್ಪಿಸಿಕೊಳ್ಳಲು ಗ್ರಾಚುಟಿ ದುಡ್ಡನ್ನು ಚೀಟಿಗೆ, ಗೆಳೆಯರ ಲೇಔಟಿಗೆ, ಫೋನಿನ ಶೇರು ವ್ಯಾಪಾರಕ್ಕೆ ಹಾಕಿ ಕಳೆದುಕೊಂಡವರನ್ನು ನೋಡಿದ್ದೇನೆ. ಅವರು ಆಮೇಲೆ ಅನುಭವಿಸಿದ ನೋವು ಖಾಲಿತನಕ್ಕಿಂತ ಎಷ್ಟೋ ದೊಡ್ಡದು.

ಈಗ ನಿಮ್ಮ ಗೆಳೆಯರ ಮಾತಿಗೆ ಬರೋಣ. ಪತ್ರ ಓದಿ ಡಿಪ್ರೆಶನ್ ಇದೆ ಅಥವಾ ಇಲ್ಲ ಅಂತ ನಾನು ಹೇಳಲಾರೆ, ಹೇಳಬಾರದು. ನೀವೇ ಕೇಳಿಕೊಳ್ಳಿ. ಮೊದಲು ಇಷ್ಟವಾಗುತ್ತಿದ್ದದ್ದು, ಮೊಮ್ಮಕ್ಕಳ ಮಾತು, ಕ್ರಿಕೆಟ್, ಬಿಸಿಬೇಳೆಬಾತ್, ಯಾವುದೂ ಈಗ ರುಚಿಸುತ್ತಿಲ್ಲವೇ? ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಬರುವುದಿಲ್ಲವೇ? ತೂಕ ಇಳಿದಿದೆಯೇ? ಸಣ್ಣದಕ್ಕೂ ರೇಗುತ್ತೀರಾ? ‘ನಾನಿದ್ದು ಏನು ಪ್ರಯೋಜನ’ ಅನ್ನಿಸುತ್ತದೆಯೇ? ಇಂಥವು ಎರಡು ವಾರಕ್ಕೂ ಹೆಚ್ಚು ಕಾಲ ದಿನವಿಡೀ ಇದ್ದರೆ ನೋಟ್‌ಬುಕ್ ಸಾಲದು, ಮನೋವೈದ್ಯರನ್ನು ಕಾಣಿ. ಸಾಯುವ ಯೋಚನೆ ಒಂದು ಸಲ ಬಂದರೂ ಕಾಯಬೇಡಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮನಸ್‌ನವರು ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ಇದು ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಸೇವೆ, ಇದರ ಹಿಂದೆ ನಿಮ್ಹಾನ್ಸ್ ಇದೆ.

ಅಂಥದ್ದೇನೂ ಇಲ್ಲದಿದ್ದರೂ ಒಂದು ಸಲ ರಕ್ತಪರೀಕ್ಷೆ ಮಾಡಿಸಿ. ಥೈರಾಯ್ಡ್ ಕಡಿಮೆಯಾಗಿದ್ದರೆ, ಬಿ12 ಕೊರತೆ, ರಕ್ತಹೀನತೆ, ಸಕ್ಕರೆ ಕಾಯಿಲೆ ಇದ್ದರೆ ಮೈ ಏಳುವುದಿಲ್ಲ, ಅದನ್ನು ಮನಸ್ಸಿನ ತಪ್ಪು ಅಂದುಕೊಳ್ಳುತ್ತೇವೆ. ಜೋರಾಗಿ ಗೊರಕೆ ಹೊಡೆದು ಹಗಲೆಲ್ಲ ತೂಕಡಿಸುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಬಿಪಿಯ ಕೆಲವು ಮಾತ್ರೆಗಳೂ ಸುಸ್ತು ತರುತ್ತವೆ. ಹಾಗಂತ ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಕೊಟ್ಟವರನ್ನೇ ಕೇಳಿ.

ವಯಸ್ಸಿನ ಪ್ರಶ್ನೆ ಉಳಿಯಿತು. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಒಂದು ವಾದ ಮುಂದಿಟ್ಟರು. ನೋವನ್ನು ತಪ್ಪಿಸಿಕೊಳ್ಳಲು ಆಗುವುದೇ ಇಲ್ಲ ಅಂತಾದಾಗ ಪ್ರಾಣಿಗಳು ಕೈಚೆಲ್ಲಿ ಕೂರುವುದನ್ನು ಕಲಿಯುತ್ತವೆ ಎಂದರು. ಸುಮಾರು ಐವತ್ತು ವರ್ಷದ ನಂತರ, 2016ರಲ್ಲಿ, ಮೆದುಳಿನ ಅಧ್ಯಯನಗಳನ್ನು ನೋಡಿ ಅವರೇ ತಮ್ಮ ಮಾತನ್ನು ತಿದ್ದಿಕೊಂಡರು. ಕೈಚೆಲ್ಲುವುದನ್ನು ಯಾರೂ ಕಲಿಯಬೇಕಾಗಿಲ್ಲ, ದೀರ್ಘ ಕಷ್ಟದಲ್ಲಿ ಅದು ತಾನಾಗಿ ಬರುತ್ತದೆ. ಕಲಿಯುವುದು ‘ನಾನು ಮಾಡಿದರೆ ಏನಾದರೂ ಆಗುತ್ತದೆ’ ಅನ್ನುವುದನ್ನು ಎಂದರು. ನಿಮ್ಮದು ಅಂಥ ಕಷ್ಟದ ಸ್ಥಿತಿ ಅಲ್ಲ, ಆದರೂ ನನಗೆ ಇದು ಬಹಳ ಧೈರ್ಯ ಕೊಡುವ ತಿದ್ದುಪಡಿ. ಕಲಿಯುವಂಥದ್ದಾದರೆ 61ಕ್ಕೂ ಕಲಿಯಬಹುದು. ಮೇಷ್ಟ್ರು 62ಕ್ಕೆ ಕಲಿತರು.

ಮನೆಯವರ ಜೊತೆಗೂ ಮಾತಾಡಿ. ಗಂಡ ಚುರುಕಾದ ಕೂಡಲೇ ಅಡುಗೆಮನೆಯ ಡಬ್ಬಿಗಳನ್ನು ಸಾಲಾಗಿ ಜೋಡಿಸಲು ಹೋಗಿ ಜಗಳ ತಂದುಕೊಂಡವರಿದ್ದಾರೆ. ಅದು ಅವರ ಟೇಬಲ್. ಏನು ಮಾಡಲಿ ಅಂತ ಅವರನ್ನೇ ಕೇಳಿ, ಹೇಳಿದ್ದನ್ನು ಮಾತ್ರ ಮಾಡಿ.

ಇವತ್ತು ಶೂ ಡಬ್ಬಿಯಿಂದ ತೆಗೆಯಿರಿ. ಒಳಗೆ ತುರುಕಿರುವ ಪೇಪರ್ ಎಳೆದು, ಲೇಸ್ ಪೋಣಿಸಿ, ಬಾಗಿಲ ಪಕ್ಕ ಇಡಿ. ವಾಕಿಂಗ್ ಎರಡನೇ ವಾರ ನೋಡೋಣ. ನಾಲ್ಕು ವಾರವಾದ ಮೇಲೆ ಆ ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆದು ನನಗೆ ಕಳಿಸಿ. ಖಾಲಿ ಬಿಟ್ಟ ದಿನಗಳೂ ಇರಲಿ, ಆ ಹಾಳೆಗಳನ್ನು ಹರಿಯಬೇಡಿ.